ಅಪ್ಪನ ಜೀಪಿಗೆ ಯಾವ ಸ್ಪ್ರಿಂಗ್?

"ಇನ್ನು ಜೀಪ್ ಓಡಿಸೋದು ಬಿಟ್ಟುಬಿಡಿ" ಅಂತ ಡಾಕ್ಟರ್ ಹೇಳಿದ ದಿನ ಅಪ್ಪ ರಾತ್ರಿ ಊಟ ಮಾಡದೆ ಮಲಗಿದ್ರಂತೆ. ಬೆಂಗಳೂರಿನಲ್ಲಿದ್ದ ನನಗೆ ಅಮ್ಮ ಫೋನ್ ಮಾಡಿ ಹೇಳಿದ್ರು. ಅಪ್ಪನಿಗೆ 66 ವರ್ಷ, ಬೆನ್ನಿನ ಡಿಸ್ಕ್ ಸವೆದಿದೆ. ಜೀಪಿಗೂ ಮೂವತ್ತು ದಾಟಿದೆ. 1994ರ ಮಹೀಂದ್ರ ಎಂಎಂ 540.

ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಮನೆಗೆ ಎರಡು ಕಿಲೋಮೀಟರ್ ಮಣ್ಣುರಸ್ತೆ. ಮಳೆಗಾಲದಲ್ಲಿ ಅಲ್ಲಿ ಕಾರು ಹತ್ತುವುದಿಲ್ಲ. ಜೀಪ್ ಇಲ್ಲದಿದ್ದರೆ ಪೇಟೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡಬೇಕು. "ಮಾರಿ ಬಿಡೋಣವಾ ಅಪ್ಪ?" ಅಂತ ಕೇಳಿದ್ದಕ್ಕೆ, "ಮಾರಿ ಎಂತ ಮಾಡೋದು ಮಾರಾಯ, ಮನೆಯೊಳಗೆ ಕೂತಿರೋದಾ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವಾರ ಊರಿಗೆ ಹೋಗಿ ನಾನೇ ಜೀಪ್ ಓಡಿಸಿದೆ. ಖಾಲಿ ಜೀಪ್, ಸಣ್ಣ ಕಲ್ಲಿನ ಮೇಲೆ ಹತ್ತಿಳಿದರೂ ಹಿಂಭಾಗ ಎಗರುತ್ತಿತ್ತು. ಹತ್ತು ನಿಮಿಷಕ್ಕೆ ನನ್ನ ಸೊಂಟವೇ ಹಿಡಿದುಕೊಂಡಿತು. ಸಸ್ಪೆನ್ಷನ್ ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದೆ. ಮೂರು ರಾತ್ರಿ ವಿಡಿಯೋ ನೋಡಿ, ಜೀಪನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್ ಒಂದನ್ನು ಆನ್‌ಲೈನ್ ಕಾರ್ಟ್‌ಗೆ ಹಾಕಿಯೂ ಆಯ್ತು. ದುಡ್ಡು ಕಟ್ಟುವ ಮೊದಲು ನಮ್ಮ ಮೆಕ್ಯಾನಿಕ್ ಅಣ್ಣನನ್ನು ಒಂದು ಮಾತು ಕೇಳಿದೆ. ಅವರು ಕಿಟ್‌ನ ಫೋಟೋ ನೋಡಲೇ ಇಲ್ಲ. "ಈ ಜೀಪಲ್ಲಿ ದಿನಾ ಎಷ್ಟು ಭಾರ ಹೋಗುತ್ತೆ?" ಅಂತ ಕೇಳಿದ್ರು.

ಅದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡು ಬ್ಲೇಡಿನ ಲೆಕ್ಕ

ಹಳೆ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಉದ್ದ, ಗಿಡ್ಡ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದರ ಮೇಲೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿದ ಕಟ್ಟು ಅದು. ಗ್ಯಾರೇಜಿನಲ್ಲಿ ಬ್ಲೇಡ್ ಸೆಟ್ ಅಂತಾರೆ. ಮಾರುತಿ ಜಿಪ್ಸಿಯಲ್ಲೂ ಕೊನೆಯವರೆಗೆ ಇದೇ ಇತ್ತು. 2010ರ ಥಾರ್‌ನಲ್ಲಿ ಹಿಂದೆ ಲೀಫ್, ಮುಂದೆ ಟಾರ್ಷನ್ ಬಾರ್. 2020ರ ಥಾರ್‌ನಿಂದ ಮುಂದೆ, ಹಿಂದೆ ಎರಡೂ ಕಡೆ ಕಾಯಿಲ್ ಸ್ಪ್ರಿಂಗ್.

ನಮ್ಮ ಜೀಪಿನ ಹಿಂದಿನ ಕಟ್ಟಿನಲ್ಲಿ ಒಂಬತ್ತು ಬ್ಲೇಡ್ ಇದ್ದವು. ಏಳು ಮೊದಲಿನವು, ಎರಡು ಆಮೇಲೆ ಸೇರಿಸಿದ್ದು. ಆಗೆಲ್ಲ ಕಾಫಿ ಚೀಲ, ಗೊಬ್ಬರ, ಸಿಮೆಂಟ್ ಎಲ್ಲವನ್ನೂ ಅಪ್ಪ ಇದೇ ಜೀಪಿನಲ್ಲಿ ಹೊರಿಸುತ್ತಿದ್ದರು. ಐವತ್ತು ಕೆಜಿಯ ಹತ್ತು ಚೀಲ ಅಂದ್ರೆ 500 ಕೆಜಿ. ಹಿಂದೆ ಕುಸಿಯುತ್ತೆ ಅಂತ ಯಾವುದೋ ಗ್ಯಾರೇಜಿನಲ್ಲಿ ಎರಡು ದಪ್ಪ ಬ್ಲೇಡ್ ಹಾಕಿಸಿದ್ರು.

ವರ್ನಿಯರ್ ಇಟ್ಟು ಅಳೆದೆ. ಮೊದಲಿನವು 6 ಮಿಲಿಮೀಟರ್, ಸೇರಿಸಿದ್ದು 8. ಎರಡೇ ಮಿಲಿಮೀಟರ್ ಅಲ್ವಾ ಅನ್ನಿಸಬಹುದು. ಆದರೆ ಬ್ಲೇಡಿನ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ಎಂಟರ ಘನ 512, ಆರರ ಘನ 216. ಅಂದ್ರೆ 8 ಮಿಲಿಮೀಟರ್‌ನ ಒಂದು ಬ್ಲೇಡ್, 6 ಮಿಲಿಮೀಟರ್‌ನ ಸುಮಾರು 2.4 ಬ್ಲೇಡಿಗೆ ಸಮ. ಏಳಕ್ಕೆ ಎರಡು ಸೇರಿ ಒಂಬತ್ತಾಗಿದ್ದು ಕಣ್ಣಿಗೆ ಮಾತ್ರ, ಅಂದಾಜು ಲೆಕ್ಕದಲ್ಲಿ ಅದು ಹನ್ನೊಂದೂ ಮುಕ್ಕಾಲು. ಹಿಂದಿನ ಸ್ಪ್ರಿಂಗ್ ಮೂರನೇ ಎರಡು ಭಾಗದಷ್ಟು ಹೆಚ್ಚು ಬಿಗಿಯಾಗಿತ್ತು.

ಅರ್ಧ ಟನ್ ಹೇರಿದಾಗ ಅದು ಸರಿ. ಈಗ ಕಾಫಿ ಸಾಗಿಸೋದು ಬಾಡಿಗೆ ಪಿಕಪ್. ಜೀಪಿನಲ್ಲಿ ಹೋಗೋದು ಅಪ್ಪ, ಅಮ್ಮ, ಒಂದು ಸಾಮಾನಿನ ಚೀಲ. ಲೋಡಿಗೆ ಮಾಡಿದ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಬಾಗುವುದೇ ಇಲ್ಲ. ಬಾಗದಿದ್ದರೆ ಪೆಟ್ಟು ನೇರ ಸೀಟಿಗೆ.

ಮೊದಲು ತೂಕ, ಆಮೇಲೆ ಸ್ಪ್ರಿಂಗ್

ಮೂಡಿಗೆರೆಗೆ ಹೋದಾಗ ವೇಬ್ರಿಡ್ಜ್‌ನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ನಿಲ್ಲಿಸಿ ತೂಗಿಸಿದೆ. ಖಾಲಿ ಇದ್ದಾಗ 620 ಕೆಜಿ. ಹಿಂದೆ ನಾಲ್ಕು ಜನ ಕೂತಾಗ 880. ನೀವೂ ಹೀಗೆ ಮುಂದಿನದು, ಹಿಂದಿನದು ಬೇರೆ ಬೇರೆ ತೂಗಿಸಿ. ವರ್ಷದಲ್ಲಿ ಒಂದು ದಿನ ಹೇರುವ ಭಾರ ಮುಖ್ಯವಲ್ಲ, ಹೆಚ್ಚಿನ ದಿನ ಎಷ್ಟಿರುತ್ತೆ ಅನ್ನೋದು ಮುಖ್ಯ. ವಿಂಚ್, ಕಬ್ಬಿಣದ ಬಂಪರ್, ಮೇಲಿನ ಕ್ಯಾರಿಯರ್ ಇದ್ದರೆ ಅದೂ ದಿನದ ಭಾರವೇ.

ಆಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿಯಿರಿ. ಡ್ರೈವರ್ ಕೂರುವ ಬಲಗಡೆ ಕುಸಿದಿರೋದು ಸಾಮಾನ್ಯ. ಶ್ಯಾಕಲ್ ಬುಶ್ ಒಡೆದಿದೆಯಾ, ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಸೋರುತ್ತಿದೆಯಾ, ಟೈರಿಗೆ ಗಾಳಿ ಜಾಸ್ತಿಯಾ ಅಂತಲೂ ನೋಡಿ. ಎಷ್ಟೋ ಸಲ ಕುಲುಕಾಟಕ್ಕೆ ಕಾರಣ ಇವೇ. ಆದರೆ ಮೇನ್ ಬ್ಲೇಡ್‌ನಲ್ಲಿ ಬಿರುಕು ಕಂಡರೆ ಯೋಚಿಸೋದು ಬೇಡ, ಸೆಟ್ ಬದಲಾಯಿಸಲೇಬೇಕು. ನಮ್ಮದರಲ್ಲಿ ಎಡಗಡೆ ಕಣ್ಣಿನ ಹತ್ತಿರ ಕೂದಲೆಳೆಯಷ್ಟು ಬಿರುಕಿತ್ತು.

ಯಾವುದು ಯಾರಿಗೆ?

ಕಂಪನಿ ಅಳತೆಯ ಸೆಟ್: ಮನೆಮಂದಿ ಓಡಾಡೋ ಗಾಡಿಗೆ ಇದೇ ಸಾಕು. ಹೊಸದರಲ್ಲಿ ಸ್ವಲ್ಪ ಗಟ್ಟಿ ಅನ್ನಿಸುತ್ತೆ, ಓಡಿದಂತೆ ಹದಕ್ಕೆ ಬರುತ್ತೆ.

ಹೆಚ್ಚುವರಿ ಬ್ಲೇಡ್: ದಿನಾ ಲೋಡ್ ಹೊರುವವರಿಗೆ. ಹಾಕಿದರೂ ಮೊದಲಿನಷ್ಟೇ ದಪ್ಪದ್ದು ಹಾಕಿಸಿ. ಏಳಕ್ಕೆ ಅಂಥದ್ದೊಂದು ಸೇರಿದರೆ ಬಿಗಿತ ಸುಮಾರು 14 ಪರ್ಸೆಂಟ್ ಏರುತ್ತೆ, ಅಷ್ಟೇ.

ಹಳೆಯದನ್ನೇ ಬಡಿಸಿ ಬಗ್ಗಿಸೋದು: ಖರ್ಚು ಕಡಿಮೆ. ಆದರೆ ದಣಿದ ಉಕ್ಕು ಹೊಸದಾಗೋದಿಲ್ಲ, ಬೇಗ ಮತ್ತೆ ಕುಸಿಯುತ್ತೆ.

ಪ್ಯಾರಾಬೋಲಿಕ್: ತುದಿಗೆ ತೆಳುವಾಗುತ್ತಾ ಹೋಗುವ ಎರಡು, ಮೂರೇ ಬ್ಲೇಡ್. ನಡುವೆ ಸಂದು ಇರೋದರಿಂದ ಒಂದಕ್ಕೊಂದು ಉಜ್ಜೋದು ಕಡಿಮೆ, ಸವಾರಿ ಮೆದು. ಉಜ್ಜಾಟ ಕಡಿಮೆಯಾದ್ದರಿಂದ ಕುಲುಕಾಟ ತಡೆಯೋ ಕೆಲಸ ಪೂರ್ತಿ ಶಾಕ್ ಅಬ್ಸಾರ್ಬರ್ ಮೇಲೆ ಬೀಳುತ್ತೆ, ಅದೂ ಒಳ್ಳೆಯದೇ ಬೇಕು. ಬೆಲೆಯೂ ಜಾಸ್ತಿ.

ಲಿಫ್ಟ್ ಸ್ಪ್ರಿಂಗ್: ಎತ್ತಿನಭುಜ, ಕ್ಯಾತನಮಕ್ಕಿ ಕಡೆ ಹೋಗಿ ಬಂದ ಗೆಳೆಯರಿಗೆಲ್ಲ ಇದೇ ಆಸೆ. ಒಂದು ವಿಷಯ ನೆನಪಿಡಿ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳೋದು ಬಾಡಿ ಮತ್ತು ಚಾಸಿ. ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ, ಅದು ಏಳಬೇಕಾದ್ರೆ ಟೈರ್ ದೊಡ್ಡದಾಗಬೇಕು. ಜೊತೆಗೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗುತ್ತೆ, ಬ್ರೇಕ್ ಹೋಸ್ ಬಿಗಿಯಾಗಬಹುದು, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತೆ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಇದು ತಲೆನೋವಾಗಬಹುದು. ನಮ್ಮ ಮನೆಯಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. "ಈಗಲೇ ಹತ್ತೋಕೆ ಆಗಲ್ಲ, ಇನ್ನೂ ಎತ್ತರ ಮಾಡ್ತೀಯಾ?" ಅಂತ ಅಮ್ಮ ಮೊಣಕಾಲು ತೋರಿಸಿದ್ರು. ಕಾರ್ಟ್ ಖಾಲಿ ಮಾಡಿದೆ.

ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗೂ ಲೆಕ್ಕ ಇದೇ, ಇನ್ನೂ ಕಟ್ಟುನಿಟ್ಟು. ಅಲ್ಲಿ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ. ಉಳಿದದ್ದೆಲ್ಲ ಹಾಗೇ ಇದ್ದು ತಂತಿ 12ರಿಂದ 13 ಮಿಲಿಮೀಟರ್ ಆದರೆ ಸುಮಾರು 38 ಪರ್ಸೆಂಟ್ ಹೆಚ್ಚು.

ಕೂರಿಸುವಾಗ

ಒಂದು ಆಕ್ಸಲ್‌ನ ಎರಡೂ ಕಡೆ ಒಟ್ಟಿಗೇ ಬದಲಾಯಿಸಿ. ಯೂ ಬೋಲ್ಟ್, ಬುಶ್ ಹೊಸದೇ ಇರಲಿ. ರಬ್ಬರ್ ಬುಶ್‌ನ ಬೋಲ್ಟ್‌ಗಳನ್ನು ಜಾಕ್ ಮೇಲಿರುವಾಗ ಪೂರ್ತಿ ಬಿಗಿ ಮಾಡಬೇಡಿ. ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಯೂ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಬ್ಲೇಡ್ ಸಂದಿನ ಕೆಸರು ತೊಳೆಯಲೇಬೇಕು, ತುಕ್ಕು ಶುರುವಾಗೋದು ಅಲ್ಲಿಂದಲೇ.

ಕೊನೆಗೆ ನಾವು ಹಾಕಿಸಿದ್ದು ಕಂಪನಿ ಅಳತೆಯ ಏಳು ಬ್ಲೇಡಿನ ಸೆಟ್, ಹೊಸ ಬುಶ್, ಹೊಸ ಶಾಕ್ ಅಬ್ಸಾರ್ಬರ್. ಒಪ್ಪಿಸೋದೇ ಕಷ್ಟ ಆಯ್ತು. "ಕಾಫಿ ಟೈಮಲ್ಲಿ ಹತ್ತು ಚೀಲ ಹಾಕಿದ್ರೆ ಕುಸಿಯುತ್ತೆ" ಅಂದ್ರು ಅಪ್ಪ. "ಹತ್ತು ಚೀಲ ಹಾಕಿ ಎಷ್ಟು ವರ್ಷ ಆಯ್ತು ಅಪ್ಪ?" ಅಂದೆ. ಸುಮ್ಮನಾದ್ರು. ಹಾಗೆ ಕೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಬಿಚ್ಚಿದ ಎರಡು ದಪ್ಪ ಬ್ಲೇಡನ್ನು ಗುಜರಿಗೆ ಕೊಡಲು ಅವರು ಬಿಡಲಿಲ್ಲ. ಕತ್ತಿ ಮಾಡಿಸಬಹುದು ಅಂತ ಕೊಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಬೆನ್ನುನೋವು ಸ್ಪ್ರಿಂಗ್‌ನಿಂದ ಹೋಗೋದಿಲ್ಲ, ಹೋಗಿಲ್ಲ. ಡಾಕ್ಟರ್ ಹತ್ತಿರ ಮತ್ತೆ ಕೇಳಿ, ದೂರದ ಓಡಾಟ ಪೂರ್ತಿ ನಿಲ್ಲಿಸಿದ್ದಾರೆ. ಮೊನ್ನೆ ಹೊರನಾಡಿನ ಅನ್ನಪೂರ್ಣೇಶ್ವರಿಗೆ ಮೂವರೂ ಹೋಗಿದ್ವಿ. ಹೆಬ್ಬಾಳೆ ಸೇತುವೆವರೆಗೆ ನಾನು ಓಡಿಸಿದೆ. ಅಲ್ಲಿ ಅಪ್ಪ ಕೀ ಕೇಳಿದ್ರು. ಕೊಟ್ಟು, ಹಿಂದಿನ ಸೀಟಿನಲ್ಲಿ ಕೂತೆ. ದೇವಸ್ಥಾನದಲ್ಲಿ ಊಟ ಮುಗಿಸಿ ವಾಪಸ್ ಬರುವಾಗ ಮನೆ ಏರಿನ ದೊಡ್ಡ ಕಲ್ಲು ಹತ್ತಿಳಿಯಿತು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಡ್ಡಿಲ್ಲ" ಅಂದ್ರು.