ಕುರ್ಚಿಯಲ್ಲಿ ಕುಳಿತು ವಿಮಾನ ನಡೆಸುವುದು

ಸಂಪಾಜೆಯಿಂದ ಮಡಿಕೇರಿಗೆ ಘಟ್ಟವನ್ನೇರುವ ಬಸ್ಸಿನಲ್ಲಿ ಪುಸ್ತಕ ತೆರೆದು ಕುಳಿತವನಿಗೆ, ನಾಲ್ಕಾರು ತಿರುವುಗಳು ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸತೊಡಗುತ್ತದೆ. ಕಣ್ಣೆದುರಿನ ಪುಟ ನಿಶ್ಚಲ. ಒಳಕಿವಿಯಾದರೋ ದೇಹ ತಿರುಗುತ್ತಿದೆಯೆಂದು ಸಾರುತ್ತಿದೆ. ಈ ಎರಡು ಸಾಕ್ಷಿಗಳ ವಿರೋಧವೇ ಸಂಕಟಕ್ಕೆ ಮೂಲವೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ಅದೇ ಊರಿನ ಹುಡುಗನೊಬ್ಬನು ಮನೆಯಲ್ಲಿ ಕುಳಿತು, ವರ್ಚುವಲ್ ರಿಯಾಲಿಟಿ ಕನ್ನಡಕವನ್ನು ಧರಿಸಿ, ಆಟದ ವಿಮಾನವನ್ನು ಓರೆಮಾಡಿದಾಗಲೂ ಇದೇ ಸಂಕಟ ತಲೆದೋರಬಹುದು. ಇಲ್ಲಿ ಸಾಕ್ಷಿಗಳು ಅದಲುಬದಲಾಗಿವೆ: ತಿರುಗಿತೆನ್ನುವುದು ಕಣ್ಣು, ಇಲ್ಲವೆನ್ನುವುದು ಕಿವಿ.

ಆಟವು ಕಲಿಸುವುದೆಲ್ಲ ಸುಳ್ಳೆಂದು ತಿಳಿಯಬಾರದು. ಚಾಲನದಂಡವನ್ನು ಬಲಕ್ಕೆ ವಾಲಿಸಿದರೆ, ರೆಕ್ಕೆಗಳ ಹಿಂದಂಚಿನ ಏಲೆರಾನ್ ಪಟ್ಟಿಗಳಲ್ಲಿ ಎಡಗಡೆಯದು ಕೆಳಕ್ಕೂ ಬಲಗಡೆಯದು ಮೇಲಕ್ಕೂ ಬಾಗಿ, ವಿಮಾನ ಬಲಕ್ಕೆ ಓರೆಯಾಗುತ್ತದೆ. ರೆಕ್ಕೆಗೆ ಲಂಬವಾಗಿರುವ ಎತ್ತುವ ಬಲವೂ ಓರೆಯಾಗಿ, ಅದರ ಒಂದು ಘಟಕವು ವಿಮಾನವನ್ನು ಪಕ್ಕಕ್ಕೆಳೆದು ತಿರುಗಿಸುತ್ತದೆ. ಉಳಿದ ಘಟಕ ತೂಕವನ್ನು ಹೊರಲು ಸಾಲದು. ಆದುದರಿಂದ ಎತ್ತರ ಕುಗ್ಗದಿರಬೇಕಾದರೆ ದಂಡವನ್ನು ತುಸು ಹಿಂದಕ್ಕೂ ಎಳೆಯಬೇಕು. ಓರೆ 60 ಡಿಗ್ರಿಯಾದಾಗ ಎತ್ತುವ ಬಲ ತೂಕದ ಇಮ್ಮಡಿಯಾಗಬೇಕು. 60 ಡಿಗ್ರಿಯ ಕೊಸೈನು ಅರ್ಧವೆಂದು ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಲೆಕ್ಕ ಹಾಕಬಹುದು. ನಿಜವಾದ ಚಾಲಕನಿಗೆ ಆಗ ತನ್ನ ಕೈಯೇ ಇಮ್ಮಡಿ ಭಾರ. ಆಟಗಾರನಿಗೆ ಅದರ ಸುಳಿವೇ ಇಲ್ಲ.

ನೆಲದ ಮೇಲೆ ಹಾರಾಟ ಕಲಿಸುವ ಯಂತ್ರ ಹೊಸದಲ್ಲ. ತಂದೆಯ ಪಿಯಾನೊ, ಆರ್ಗನ್ ಕಾರ್ಖಾನೆಯಲ್ಲಿ ದುಡಿದಿದ್ದ ಅಮೆರಿಕದ ಎಡ್ವಿನ್ ಲಿಂಕ್ 1929ರ ವೇಳೆಗೆ ತಿದಿಗಳಿಂದ ಅಲುಗಾಡುವ ಪುಟ್ಟ ವಿಮಾನವೊಂದನ್ನು ರಚಿಸಿದನು. ಜನ ಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಂಚೆ ಹೊತ್ತ ಸೈನಿಕ ಚಾಲಕರು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಮಡಿದ ಮೇಲೆ ಸೈನ್ಯವು ಅಂಥ 6 ಯಂತ್ರಗಳನ್ನು ಕೊಂಡಿತು.

ಮೋಡದೊಳಗೆ ಚಾಲಕನನ್ನು ಮೋಸಗೊಳಿಸುವುದು ಅದೇ ಒಳಕಿವಿ. ಅದರ 3 ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುವುದರಿಂದ ತಿರುಗುವಿಕೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡು ತಿರುಗುತ್ತಿದ್ದರೆ ದ್ರವವೂ ಜೊತೆಗೂಡಿ, ಕಿವಿ ಮೌನವಾಗುತ್ತದೆ. ಆಗ ವಿಮಾನವನ್ನು ಸಮಗೊಳಿಸಿದರೆ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಅದನ್ನು ನಂಬಿದ ಚಾಲಕ ಮತ್ತೆ ಮೊದಲಿನ ಕಡೆಗೇ ಓರೆಮಾಡಿ ಸುರುಳಿ ಸುತ್ತುತ್ತ ಕೆಳಗಿಳಿಯುತ್ತಾನೆ. ಕಿವಿಯನ್ನು ಅಲಕ್ಷಿಸಿ, ಎದುರಿನ ಕೃತಕ ದಿಗಂತವೆಂಬ ಉಪಕರಣವನ್ನೇ ನಂಬುವ ಅಭ್ಯಾಸವೇ ಅವನನ್ನು ಉಳಿಸಬಲ್ಲದು. ಇದನ್ನು ಕಲಿಸುವುದರಲ್ಲಿ ನೆಲದ ಯಂತ್ರ ಬಹಳ ಉಪಯುಕ್ತ.

ನಮ್ಮ ಬೆಂಗಳೂರಿನಲ್ಲೂ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲ ಬಾರಿಗೆ ನೆಲ ಬಿಡುವ ಮುನ್ನ, ಪರೀಕ್ಷಾ ಚಾಲಕರು ಅದನ್ನು ಇಂಥ ಯಂತ್ರಗಳಲ್ಲಿ ನಡೆಸಿ ನೋಡಿದ್ದರು. ಆ ವಿಮಾನ ಸ್ವಭಾವತಃ ಅಸ್ಥಿರ. ಅದರ ಹದ ಕಾಯುವುದು ಕಂಪ್ಯೂಟರು. ಆದ್ದರಿಂದ ನಿಯಂತ್ರಣದ ಸೂತ್ರಗಳಲ್ಲಿನ ತಪ್ಪು ಆಕಾಶದಲ್ಲಿ ಪತ್ತೆಯಾಗುವಂತಿರಲಿಲ್ಲ.

ಕನ್ನಡಕವಿಲ್ಲದವರೂ ಒಂದು ಪ್ರಯೋಗ ಮಾಡಬಹುದು. ತಿರುಗುವ ಕುರ್ಚಿಯಲ್ಲಿ ಗೆಳೆಯನನ್ನು ಕಣ್ಣು ಮುಚ್ಚಿಸಿ ಕೂರಿಸಿ, ಸದ್ದಿಲ್ಲದೆ ಒಂದೇ ವೇಗದಲ್ಲಿ ಅರ್ಧ ನಿಮಿಷ ತಿರುಗಿಸಿ ನಿಲ್ಲಿಸಿರಿ. ಯಾವ ಕಡೆಗೆ ತಿರುಗುತ್ತಿರುವೆಯೆಂದು ಕೇಳಿದರೆ, ನಿಂತ ಕುರ್ಚಿಯಲ್ಲಿ ಕುಳಿತೇ ಅವನು ವಿರುದ್ಧ ದಿಕ್ಕಿಗೆ ಬೆರಳು ತೋರಿಸುವನು. ಭುಜವನ್ನು ಮಾತ್ರ ಬಿಗಿಯಾಗಿ ಹಿಡಿದಿರಿ.