ನಾಣ್ಯ ಶ್ರೇಣೀಕರಣ

ನಾಣ್ಯ ಶ್ರೇಣೀಕರಣ (ಗ್ರೇಡಿಂಗ್) ಎಂದರೆ ನಾಣ್ಯವೊಂದರ ಸವೆತ, ಅಚ್ಚಿನ ಸ್ಪಷ್ಟತೆ, ಮೇಲ್ಮೈಯ ಸ್ಥಿತಿ ಮತ್ತು ಹೊಳಪನ್ನು ಪರೀಕ್ಷಿಸಿ ಅದಕ್ಕೆ ಒಂದು ದರ್ಜೆಯನ್ನು ನಿಗದಿಪಡಿಸುವ ಕ್ರಮ. ನಾಣ್ಯದ ಮಾರುಕಟ್ಟೆ ಬೆಲೆಯನ್ನು ನಿರ್ಧರಿಸುವಲ್ಲಿ ಅದರ ವಿರಳತೆಯಷ್ಟೇ ದರ್ಜೆಯೂ ಮುಖ್ಯವಾಗುತ್ತದೆ. ಕೊಳ್ಳುವವರಿಗೂ ಮಾರುವವರಿಗೂ ಸಂಬಂಧಪಡದ ಮೂರನೆಯ ಸಂಸ್ಥೆಯೊಂದು ಶುಲ್ಕ ಪಡೆದು ಈ ಕೆಲಸ ಮಾಡಿದರೆ ಅದನ್ನು ವೃತ್ತಿಪರ ಶ್ರೇಣೀಕರಣ ಸೇವೆ ಎನ್ನುತ್ತಾರೆ. ಇಂಥ ಸೇವೆಗಳ ಅಗತ್ಯ ಮತ್ತು ವಿಶ್ವಾಸಾರ್ಹತೆಯ ಬಗ್ಗೆ ಸಂಗ್ರಾಹಕರಲ್ಲಿ ಒಮ್ಮತವಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಬಾಗಲಕೋಟೆ ಜಿಲ್ಲೆಯಂತಹ ಪ್ರದೇಶಗಳಲ್ಲಿ ದೊರೆಯುವ ನಾಣ್ಯಗಳ ವೈವಿಧ್ಯ ಈ ಭಿನ್ನಾಭಿಪ್ರಾಯಕ್ಕೆ ಒಳ್ಳೆಯ ನಿದರ್ಶನ.

ಇತಿಹಾಸ

ಮೊದಲು ನಾಣ್ಯಗಳನ್ನು 'ಉತ್ತಮ', 'ಅತ್ಯುತ್ತಮ', 'ಚಲಾವಣೆಯಾಗದ' ಎಂಬರ್ಥದ ಪದಗಳಿಂದಲೇ ವರ್ಣಿಸಲಾಗುತ್ತಿತ್ತು. ಭಾರತದ ಹರಾಜು ಪಟ್ಟಿಗಳಲ್ಲಿ ಇಂದಿಗೂ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ ಎಂಬ ಇಂಗ್ಲೆಂಡಿನ ಪದ್ಧತಿಯ ದರ್ಜೆಗಳು ಬಳಕೆಯಲ್ಲಿವೆ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಅಲ್ಲಿನ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಅಂಕಮಾನವನ್ನು ರೂಪಿಸಿದರು. ಗುರುತು ಸಿಗುವಷ್ಟು ಮಾತ್ರ ಉಳಿದ ನಾಣ್ಯ 1 ಅಂಕದ್ದು, ದೋಷವೇ ಇಲ್ಲದ್ದು 70 ಅಂಕದ್ದು. 70 ಅಂಕದ ನಾಣ್ಯಕ್ಕೆ 1 ಅಂಕದ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಎಂಬ ಲೆಕ್ಕ ಇದರ ಹಿಂದಿತ್ತು. ಬೆಲೆಯ ಆ ಲೆಕ್ಕ ಬೇಗನೆ ಕೆಟ್ಟರೂ ಅಂಕಮಾನ ಉಳಿದುಕೊಂಡಿತು.

1972ರಲ್ಲಿ ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಅಸೋಸಿಯೇಷನ್ ನಾಣ್ಯಗಳ ಅಸಲಿತನವನ್ನು ದೃಢೀಕರಿಸುವ ಸೇವೆಯನ್ನು ಆರಂಭಿಸಿ, ಕೆಲವು ವರ್ಷಗಳ ನಂತರ ದರ್ಜೆ ನೀಡುವುದನ್ನೂ ಸೇರಿಸಿತು. 1986ರಲ್ಲಿ ಪ್ರೊಫೆಷನಲ್ ಕಾಯಿನ್ ಗ್ರೇಡಿಂಗ್ ಸರ್ವೀಸ್ (ಪಿಸಿಜಿಎಸ್), 1987ರಲ್ಲಿ ನ್ಯೂಮಿಸ್‌ಮ್ಯಾಟಿಕ್ ಗ್ಯಾರಂಟಿ ಕಾರ್ಪೊರೇಷನ್ (ಎನ್‌ಜಿಸಿ) ಆರಂಭವಾದವು. ದರ್ಜೆ ಕೊಟ್ಟ ನಾಣ್ಯವನ್ನು ಮುದ್ರೆಯೊತ್ತಿದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಕೊಡುವ ಪದ್ಧತಿ ಇವುಗಳಿಂದ ವ್ಯಾಪಕವಾಯಿತು. ಈ ಪೆಟ್ಟಿಗೆಯನ್ನು ಸಂಗ್ರಾಹಕರು 'ಸ್ಲ್ಯಾಬ್' ಎನ್ನುತ್ತಾರೆ.

ಕಾರ್ಯವಿಧಾನ

ಸೇವೆಗೆ ಬಂದ ನಾಣ್ಯವನ್ನು ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಪ್ರತ್ಯೇಕವಾಗಿ ನೋಡುತ್ತಾರೆ. ಮೊದಲು ಅದು ಅಸಲಿಯೇ ಎಂಬುದು ನಿರ್ಣಯವಾಗುತ್ತದೆ, ನಂತರ ದರ್ಜೆ ನಿಗದಿಯಾಗುತ್ತದೆ. ಪೆಟ್ಟಿಗೆಯ ಚೀಟಿಯಲ್ಲಿ ನಾಣ್ಯದ ಹೆಸರು, ಇಸವಿ, ಟಂಕಸಾಲೆ, ದರ್ಜೆ ಮತ್ತು ಪ್ರಮಾಣಪತ್ರದ ಸಂಖ್ಯೆ ಇರುತ್ತವೆ. ಚಲಾವಣೆಯಾಗದ ನಾಣ್ಯಗಳಿಗೆ 60ರಿಂದ 70ರವರೆಗಿನ ಅಂಕಗಳು ಮೀಸಲು. 50ರಿಂದ 58ರವರೆಗಿನವು ಅತ್ಯಲ್ಪ ಸವೆತದ ನಾಣ್ಯಗಳು, 40 ಮತ್ತು 45 ಎಕ್ಸ್‌ಟ್ರೀಮ್ಲಿ ಫೈನ್, 20ರಿಂದ 35ರವರೆಗಿನವು ವೆರಿ ಫೈನ್ ದರ್ಜೆಯವು. ಉಜ್ಜಿದ, ರಂಧ್ರ ಕೊರೆದ, ಬೆಸುಗೆ ಹಾಕಿದ ಅಥವಾ ಗೀಚಿದ ನಾಣ್ಯಗಳಿಗೆ ಅಂಕ ಸಿಗುವುದಿಲ್ಲ. ಅವು ಅಸಲಿ ಎಂದು ಒಪ್ಪಿ, ದೋಷವನ್ನು ಚೀಟಿಯಲ್ಲಿ ನಮೂದಿಸಲಾಗುತ್ತದೆ. ಇದನ್ನು 'ಡೀಟೇಲ್ಸ್' ದರ್ಜೆ ಎನ್ನುತ್ತಾರೆ. ಇಂಥ ನಾಣ್ಯದ ಬೆಲೆ ಅದೇ ಸವೆತದ ನಿರ್ದೋಷ ನಾಣ್ಯದ ಬೆಲೆಗಿಂತ ಸಾಕಷ್ಟು ಕಡಿಮೆ.

ಪರವಾದ ಅಭಿಪ್ರಾಯಗಳು

ಸೇವೆಗಳನ್ನು ಬೆಂಬಲಿಸುವವರು ಮುಂದಿಡುವ ಮೊದಲ ಕಾರಣ ನಕಲಿಗಳ ಹಾವಳಿ. ಬ್ರಿಟಿಷ್ ಭಾರತದ ವಿರಳ ಇಸವಿಯ ರೂಪಾಯಿಗಳಲ್ಲಿ ಅಂಕಿ ತಿದ್ದಿದವು, ಎರಕ ಹೊಯ್ದವು, ಬೆಳ್ಳಿಯ ಲೇಪನದವು ಮಾರುಕಟ್ಟೆಯಲ್ಲಿವೆ. 1939ರಲ್ಲಿ ಬೊಂಬಾಯಿಯಲ್ಲಿ ಟಂಕಿಸಿದ ಆರನೆಯ ಜಾರ್ಜನ ರೂಪಾಯಿಯಂತಹ ಬೆಲೆಬಾಳುವ ನಾಣ್ಯವನ್ನು ಹೊಸ ಸಂಗ್ರಾಹಕ ಬರಿಗಣ್ಣಿನಿಂದ ನಿರ್ಣಯಿಸುವುದು ಕಷ್ಟ. ಬೊಂಬಾಯಿ ಮತ್ತು ಕಲ್ಕತ್ತ ಟಂಕಸಾಲೆಗಳು ಹಳೆಯ ಅಚ್ಚುಗಳಿಂದಲೇ ಮರುಟಂಕಿಸಿದ ನಾಣ್ಯಗಳೂ ಇವೆ. ಇವು ನಕಲಿಗಳಲ್ಲ, ಆದರೆ ಮೂಲ ನಾಣ್ಯಗಳೂ ಅಲ್ಲ. ಈ ಭೇದವನ್ನು ಗುರುತಿಸಲು ಅನುಭವ ಬೇಕು.

ಎರಡನೆಯ ಕಾರಣ ದೂರದ ವ್ಯವಹಾರ. ಮುಧೋಳದಲ್ಲಿರುವ ಸಂಗ್ರಾಹಕ ಬೆಂಗಳೂರು ಅಥವಾ ಮುಂಬಯಿಯ ಹರಾಜಿನಲ್ಲಿ ನಾಣ್ಯವನ್ನು ಕೈಯಲ್ಲಿ ಹಿಡಿಯದೆಯೇ ಕೊಳ್ಳಬೇಕಾದಾಗ ಮೂರನೆಯವರ ದರ್ಜೆ ಒಂದು ಆಧಾರವಾಗುತ್ತದೆ. ಸಂಗ್ರಾಹಕರು ತೀರಿಕೊಂಡ ಮೇಲೆ ನಾಣ್ಯಗಳ ಪರಿಚಯವೇ ಇಲ್ಲದ ವಾರಸುದಾರರು ಅವನ್ನು ಕಡಿಮೆ ಬೆಲೆಗೆ ಕಳೆದುಕೊಳ್ಳುವುದನ್ನೂ ಇದು ತಪ್ಪಿಸುತ್ತದೆ ಎಂಬುದು ಅವರ ವಾದ. ಒಂದೇ ಇಸವಿಯ ಎಷ್ಟು ನಾಣ್ಯಗಳಿಗೆ ಯಾವ ದರ್ಜೆ ಸಿಕ್ಕಿದೆ ಎಂದು ಸೇವೆಗಳು ಪ್ರಕಟಿಸುವ ಗಣತಿ ಪಟ್ಟಿಯಿಂದ ವಿರಳತೆಯ ಅಂದಾಜು ದೊರೆಯುತ್ತದೆ.

ಆಕ್ಷೇಪಗಳು

ದರ್ಜೆ ಅಳತೆಯಲ್ಲ, ಅಭಿಪ್ರಾಯ ಎಂಬುದು ವಿರೋಧಿಸುವವರ ಮುಖ್ಯ ವಾದ. ತೂಕ ಮತ್ತು ವ್ಯಾಸವನ್ನು ಯಾರು ಅಳೆದರೂ ಉತ್ತರ ಒಂದೇ. 64 ಮತ್ತು 65ರ ನಡುವಿನ ವ್ಯತ್ಯಾಸ ಹಾಗಲ್ಲ. ಒಂದೇ ನಾಣ್ಯವನ್ನು ಪೆಟ್ಟಿಗೆಯಿಂದ ಒಡೆದು ತೆಗೆದು ಮತ್ತೆ ಕಳಿಸಿದಾಗ ಬೇರೆ ದರ್ಜೆ ಬರಬಹುದು. ಹೆಚ್ಚಿನ ದರ್ಜೆಯ ಆಸೆಯಿಂದ ಹೀಗೆ ಪದೇಪದೇ ಕಳಿಸುವ ವ್ಯಾಪಾರಿಗಳೂ ಇದ್ದಾರೆ. ಇದರಿಂದ ಒಂದೇ ನಾಣ್ಯ ಗಣತಿ ಪಟ್ಟಿಯಲ್ಲಿ ಹಲವು ಬಾರಿ ಸೇರಿ ಪಟ್ಟಿಯ ನಂಬಿಕೆಯೂ ಕುಗ್ಗುತ್ತದೆ. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪಿಸಿಜಿಎಸ್‌ನ ಜಾಹೀರಾತುಗಳು ಉತ್ಪ್ರೇಕ್ಷಿತವಾಗಿವೆ ಎಂದು ದಾವೆ ಹೂಡಿತು. ಸಂಸ್ಥೆ ತಪ್ಪನ್ನು ಒಪ್ಪಿಕೊಳ್ಳದೆ, ಜಾಹೀರಾತುಗಳಿಗೆ ಷರತ್ತುಗಳನ್ನು ಒಪ್ಪಿ ವಿವಾದವನ್ನು ಇತ್ಯರ್ಥಪಡಿಸಿಕೊಂಡಿತು. 2007ರಲ್ಲಿ ಸರ್ಟಿಫೈಡ್ ಅಕ್ಸೆಪ್ಟೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ, ಈಗಾಗಲೇ ದರ್ಜೆ ಪಡೆದ ನಾಣ್ಯಗಳನ್ನು ಮತ್ತೆ ಪರೀಕ್ಷಿಸಿ ಯೋಗ್ಯವಾದವುಗಳ ಪೆಟ್ಟಿಗೆಗೆ ಚೀಟಿ ಅಂಟಿಸುವ ಸೇವೆಯನ್ನು ತೆರೆಯಿತು. ಒಂದು ದರ್ಜೆಗೆ ಇನ್ನೊಂದು ದರ್ಜೆ ಬೇಕಾಯಿತೆಂದು ಟೀಕಾಕಾರರು ಇದನ್ನು ಉದಾಹರಿಸುತ್ತಾರೆ.

ಪೆಟ್ಟಿಗೆಗಳನ್ನೇ ನಕಲು ಮಾಡುವ ಜಾಲಗಳೂ ಹುಟ್ಟಿಕೊಂಡಿವೆ. ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಅಲ್ಲಿನ ಚಿತ್ರವನ್ನು ಕೈಯಲ್ಲಿರುವ ನಾಣ್ಯದೊಂದಿಗೆ ಹೋಲಿಸದೆ ಪೆಟ್ಟಿಗೆಯನ್ನಷ್ಟೇ ನಂಬುವಂತಿಲ್ಲ. ಶುಲ್ಕ ಇನ್ನೊಂದು ಆಕ್ಷೇಪ. ಕೆಲವು ನೂರು ರೂಪಾಯಿ ಬೆಲೆಯ ನಾಣ್ಯಕ್ಕೆ ಅದನ್ನೂ ಮೀರಿದ ಶುಲ್ಕ ಮತ್ತು ಅಂಚೆ ವೆಚ್ಚ ತಗಲುತ್ತದೆ. ನಾಣ್ಯವನ್ನು ಅಧ್ಯಯನದ ವಸ್ತುವಾಗಿ ಕಾಣುವವರಿಗೆ ಪೆಟ್ಟಿಗೆಯೇ ಅಡ್ಡಿ. ಅದರೊಳಗಿನ ನಾಣ್ಯವನ್ನು ತೂಗಲಾಗದು, ಅಂಚನ್ನು ಪೂರ್ತಿಯಾಗಿ ನೋಡಲಾಗದು.

ಬಾಗಲಕೋಟೆ ಜಿಲ್ಲೆಯ ನಾಣ್ಯಗಳು ಮತ್ತು ಶ್ರೇಣೀಕರಣ

1997ರಲ್ಲಿ ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಪ್ರದೇಶ ಬಾದಾಮಿ ಮತ್ತು ಕಲ್ಯಾಣದ ಚಾಲುಕ್ಯರು, ವಿಜಯನಗರ, ವಿಜಯಪುರದ ಆದಿಲ್‌ಶಾಹಿ, ಮರಾಠರು ಹೀಗೆ ಹಲವು ಆಳ್ವಿಕೆಗಳನ್ನು ಕಂಡಿದೆ. ಬ್ರಿಟಿಷರ ಕಾಲದಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದಾಗಿತ್ತು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ನೇರ ಬ್ರಿಟಿಷ್ ಆಡಳಿತದಲ್ಲಿತ್ತು. 1948ರಲ್ಲಿ ಈ ಸಂಸ್ಥಾನಗಳು ಬೊಂಬಾಯಿ ಪ್ರಾಂತ್ಯದಲ್ಲಿ ವಿಲೀನವಾದವು.

ಮರಾಠರ ಕಾಲದಲ್ಲಿ ರಾಸ್ತೆ ಮನೆತನದ ಅಧೀನದಲ್ಲಿದ್ದ ಬಾಗಲಕೋಟೆಯಲ್ಲಿ ಟಂಕಸಾಲೆಯಿತ್ತು. ಅಲ್ಲಿನ ಬೆಳ್ಳಿಯ ರೂಪಾಯಿಗೆ ಮಲ್ಹಾರಶಾಹಿ ಎಂಬ ಹೆಸರು ಬಂದಿತ್ತು. ಕೈಯಿಂದ ಟಂಕಿಸುತ್ತಿದ್ದ ಆ ಕಾಲದ ಇಂಥ ರೂಪಾಯಿಗಳಲ್ಲಿ ಅಚ್ಚಿನ ವ್ಯಾಸ ಲೋಹದ ಬಿಲ್ಲೆಯ ವ್ಯಾಸಕ್ಕಿಂತ ದೊಡ್ಡದಾಗಿರುತ್ತಿತ್ತು. ಹೀಗಾಗಿ ಬರಹದ ಒಂದು ಭಾಗ ಮಾತ್ರ ನಾಣ್ಯದ ಮೇಲೆ ಮೂಡುತ್ತದೆ. ಟಂಕಸಾಲೆಯ ಹೆಸರು ಅಥವಾ ಗುರುತು ಕಾಣುವ ಸವೆದ ನಾಣ್ಯ, ಅದು ಕಾಣದ ಹೊಳೆಯುವ ನಾಣ್ಯಕ್ಕಿಂತ ಅಧ್ಯಯನಕ್ಕೆ ಹೆಚ್ಚು ಉಪಯುಕ್ತ. ಸವೆತವನ್ನೇ ಮುಖ್ಯವಾಗಿ ಅಳೆಯುವ ಅಂಕಮಾನ ಇದನ್ನು ಹೇಳಲಾರದು.

ಕದಂಬರು ಮತ್ತು ಕಲ್ಯಾಣದ ಚಾಲುಕ್ಯರ ಕಾಲದ, ಬಿಡಿಬಿಡಿ ಮುದ್ರೆಗಳನ್ನು ಒತ್ತಿದ ಚಿನ್ನದ ನಾಣ್ಯಗಳಲ್ಲೂ ಇದೇ ತೊಡಕಿದೆ. ಅವುಗಳಲ್ಲಿ ಒಂದೊಂದು ಮುದ್ರೆಯೂ ಒಂದೊಂದು ಆಳಕ್ಕೆ ಇಳಿದಿರುತ್ತದೆ. ಈ ಕಾರಣದಿಂದಲೇ ಎನ್‌ಜಿಸಿಯ ಪ್ರಾಚೀನ ನಾಣ್ಯ ವಿಭಾಗವು 70ರ ಅಂಕಮಾನವನ್ನು ಬಳಸದೆ, ಸವೆತಕ್ಕೆ ಪದಗಳಲ್ಲಿ ದರ್ಜೆ ನೀಡಿ, ಅಚ್ಚೊತ್ತುವಿಕೆ ಮತ್ತು ಮೇಲ್ಮೈಗಳಿಗೆ ತಲಾ 5ರಲ್ಲಿ ಅಂಕ ಕೊಡುತ್ತದೆ.

ಇದಕ್ಕೆ ವಿರುದ್ಧವಾಗಿ, ಯಂತ್ರದಿಂದ ಟಂಕಿಸಿದ ಬ್ರಿಟಿಷ್ ಭಾರತದ ರೂಪಾಯಿಗಳಿಗೆ ಅಂಕಮಾನ ಚೆನ್ನಾಗಿ ಹೊಂದುತ್ತದೆ. 1835ರಿಂದ ಏಕರೂಪವಾದ ಈ ರೂಪಾಯಿಯ ತೂಕ 11.66 ಗ್ರಾಂ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಶೇ. 91.7ರಿಂದ ಶೇ. 50ಕ್ಕೆ ಇಳಿಸಲಾಯಿತು. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ಅರಸನ ಕೊರಳ ಸರದ ಆನೆ ಹಂದಿಯಂತೆ ಕಂಡದ್ದರಿಂದ ಆಕ್ಷೇಪವೆದ್ದು, ಹೆಚ್ಚಿನವನ್ನು ಹಿಂಪಡೆದು ಕರಗಿಸಲಾಯಿತು. ಇಂಥ ನಾಣ್ಯದಲ್ಲಿ ಒಂದು ದರ್ಜೆಯ ಏರಿಳಿತವೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ತರುತ್ತದೆ.

ಮನೆಗಳಲ್ಲಿ ಉಳಿದ ನಾಣ್ಯಗಳು

ಉತ್ತರ ಕರ್ನಾಟಕದಲ್ಲಿ ಹಳೆಯ ಬೆಳ್ಳಿ ರೂಪಾಯಿಗಳು ಹೆಚ್ಚಾಗಿ ಉಳಿದಿರುವುದು ಸಂಗ್ರಹಗಳಲ್ಲಲ್ಲ, ದೇವರ ಜಗಲಿಯಲ್ಲಿ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅವುಗಳಿಗೆ ಅರಿಸಿನ-ಕುಂಕುಮ ಹಚ್ಚುತ್ತಾರೆ, ಹುಣಸೆಹಣ್ಣು ಅಥವಾ ಬೂದಿಯಿಂದ ತಿಕ್ಕಿ ತೊಳೆಯುತ್ತಾರೆ. ಹುಳಿ ಮತ್ತು ತಿಕ್ಕಾಟದಿಂದ ಬೆಳ್ಳಿಯ ಮೇಲ್ಪದರ ಹೋಗಿ ಸೂಕ್ಷ್ಮ ಗೆರೆಗಳು ಮೂಡುತ್ತವೆ. ಶ್ರೇಣೀಕರಣದಲ್ಲಿ ಇದು 'ಉಜ್ಜಿದ' ನಾಣ್ಯ. ಕಾಲಕ್ರಮದಲ್ಲಿ ಬೆಳ್ಳಿಯ ಮೇಲೆ ಸಹಜವಾಗಿ ಕೂಡುವ ಕಪ್ಪು ಅಥವಾ ಬಣ್ಣದ ಛಾಯೆಯನ್ನು ಮನೆಯವರು ಕೊಳೆ ಎಂದು ಭಾವಿಸಿದರೆ, ಸಂಗ್ರಾಹಕರು ಅದನ್ನು ಮೂಲಸ್ಥಿತಿಯ ಸಾಕ್ಷಿಯೆಂದು ಮೆಚ್ಚುತ್ತಾರೆ. ಪುತಳಿ ಸರಕ್ಕೆ ಅಥವಾ ತಾಳಿಯ ಜೊತೆಗೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಗಳಿಗೂ ಅಂಕ ಸಿಗುವುದಿಲ್ಲ.

ಈ ನಿಯಮವನ್ನು ಕೆಲವರು ಒಪ್ಪುವುದಿಲ್ಲ. ಕೊಂಡಿಯ ಗುರುತು ನಾಣ್ಯದ ದೋಷವಲ್ಲ, ಅದು ಬಳಕೆಯಾದ ಬಗೆಯ ದಾಖಲೆ ಎಂಬುದು ಅವರ ನಿಲುವು. ಮಾರುಕಟ್ಟೆ ಮಾತ್ರ ಈ ವಾದಕ್ಕೆ ಬೆಲೆ ಕೊಟ್ಟಿಲ್ಲ. ಮಾರುವ ಉದ್ದೇಶವಿರಲಿ, ಇಲ್ಲದಿರಲಿ, ಹಳೆಯ ನಾಣ್ಯವನ್ನು ತಿಕ್ಕಬಾರದು ಎಂಬ ವಿಷಯದಲ್ಲಿ ಎರಡೂ ಪಕ್ಷದವರಿಗೆ ಒಮ್ಮತವಿದೆ. ಒಮ್ಮೆ ಹೋದ ಮೇಲ್ಪದರ ಮತ್ತೆ ಬರುವುದಿಲ್ಲ.

ಕಾನೂನಿನ ಮಿತಿ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಕೇಂದ್ರ ಸರ್ಕಾರ ಅಥವಾ ಅದರಿಂದ ಅಧಿಕಾರ ಪಡೆದ ಸಂಸ್ಥೆಗಳ ಹೊರತು ಬೇರೆಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಪಿಸಿಜಿಎಸ್‌ನ ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದಲ್ಲಿ, ಎನ್‌ಜಿಸಿಯದು ಫ್ಲಾರಿಡಾದಲ್ಲಿ ಇವೆ. ಆದ್ದರಿಂದ ಮಲ್ಹಾರಶಾಹಿ ರೂಪಾಯಿಯನ್ನಾಗಲಿ, ವಿಕ್ಟೋರಿಯಾ ರಾಣಿಯ ರೂಪಾಯಿಯನ್ನಾಗಲಿ ಖಾಸಗಿ ವ್ಯಕ್ತಿಗಳು ದರ್ಜೆಗಾಗಿ ಅಲ್ಲಿಗೆ ಅಂಚೆಯಲ್ಲಿ ಕಳಿಸುವುದು ಅಪರಾಧವಾಗುತ್ತದೆ. ವರ್ಷ ಕಳೆದಂತೆ ಐದನೆಯ ಜಾರ್ಜನ ಇನ್ನಷ್ಟು ನಾಣ್ಯಗಳು ಈ ಮಿತಿಯೊಳಗೆ ಬರುತ್ತವೆ. ಹೊಲ ಉಳುವಾಗ ಅಥವಾ ಪಾಯ ತೋಡುವಾಗ ಹುದುಗಿದ್ದ ನಾಣ್ಯಗಳು ಸಿಕ್ಕರೆ ಅವು ನಿಧಿ ಕಾಯ್ದೆಗೆ ಒಳಪಡುತ್ತವೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ವಂಚನೆಯ ಅಪಾಯ

ದರ್ಜೆಯ ಅರಿವಿಲ್ಲದಿರುವುದನ್ನು ವಂಚಕರು ಬಳಸಿಕೊಳ್ಳುತ್ತಾರೆ. ವೈಷ್ಣೋದೇವಿಯ ಚಿತ್ರವಿರುವ 5 ಮತ್ತು 10 ರೂಪಾಯಿಯ ನಾಣ್ಯಗಳಿಗೆ ಲಕ್ಷಾಂತರ ರೂಪಾಯಿ ಸಿಗುತ್ತದೆ ಎಂಬ ಪ್ರಚಾರ ಆಗಾಗ ಹರಡುತ್ತದೆ. ಇವು ಸಾಮಾನ್ಯ ಚಲಾವಣೆಗೆ ಬಂದ ನಾಣ್ಯಗಳಾದ್ದರಿಂದ ಸವೆದ ಸ್ಥಿತಿಯಲ್ಲಿ ಅಂಥ ಬೆಲೆ ಬರುವುದಿಲ್ಲ. ಮಾರಾಟ ಮಾಡಿಸಿಕೊಡುವ ನೆಪದಲ್ಲಿ ನೋಂದಣಿ ಶುಲ್ಕ, ತೆರಿಗೆ, ದಲ್ಲಾಳಿ ಎಂದು ಮುಂಗಡ ಹಣ ಕೇಳುವುದು ವಂಚನೆಯ ಲಕ್ಷಣ. ಹಳೆಯ ನೋಟು ಮತ್ತು ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಮತ್ತು ಲಾಂಛನ ಬಳಸಿ ಶುಲ್ಕ ಕೇಳಲಾಗುತ್ತಿದೆ, ತಾನು ಇಂಥ ವ್ಯವಹಾರದಲ್ಲಿ ತೊಡಗಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ಸಾಮಾನ್ಯ ನಿಲುವು

ಬಹುತೇಕ ಅನುಭವಿ ಸಂಗ್ರಾಹಕರು ಈ ಎರಡು ಅಭಿಪ್ರಾಯಗಳ ನಡುವೆ ನಿಲ್ಲುತ್ತಾರೆ. ನಕಲಿಯ ಸಂಶಯವಿರುವ ಅಥವಾ ಶುಲ್ಕಕ್ಕಿಂತ ಬಹುಪಟ್ಟು ಬೆಲೆಯ, ಯಂತ್ರದಿಂದ ಟಂಕಿಸಿದ ನಾಣ್ಯಗಳಿಗೆ ಮಾತ್ರ ಸೇವೆಯನ್ನು ಬಳಸಿ, ಕೈಯಿಂದ ಟಂಕಿಸಿದ ನಾಣ್ಯಗಳಿಗೆ ತೂಕ, ಲೋಹ, ಬರಹ ಮತ್ತು ದೊರೆತ ಸ್ಥಳದ ವಿವರಗಳನ್ನು ತಾವೇ ಬರೆದಿಡುತ್ತಾರೆ. ಯಾವ ದರ್ಜೆಯ ಚೀಟಿಯಲ್ಲೂ ಇಲ್ಲದ, ಒಮ್ಮೆ ಮರೆತರೆ ಮತ್ತೆ ಪಡೆಯಲಾಗದ ವಿವರವೆಂದರೆ ನಾಣ್ಯ ದೊರೆತ ಸ್ಥಳ.