ಸಂವಿಧಾನದ ಮೊದಲ ಕರಡು, ನಮ್ಮ ಜಿಲ್ಲೆಯ ಬಿ.ಎನ್. ರಾವ್

ಸಂವಿಧಾನ ಅಂದಕೂಡಲೇ ಅಂಬೇಡ್ಕರ್ ಹೆಸರು ಬಾಯಿಗೆ ಬರುತ್ತದೆ. ಬರಲೇಬೇಕು. ಆದರೆ ಅವರ ಅಧ್ಯಕ್ಷತೆಯ ಕರಡು ಸಮಿತಿಯ ಮುಂದಿದ್ದ ಮೊದಲ ಕರಡು ಯಾರದ್ದು ಗೊತ್ತುಂಟಾ? ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗ ರಾಯರದ್ದು. ನಮ್ಮ ಉಜಿರೆಯ ಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು.

ಸಂವಿಧಾನ ಸಭೆ ಸೇರಿದ್ದು 1946ರ ಡಿಸೆಂಬರ್ 9ಕ್ಕೆ. ಸದಸ್ಯರನ್ನು ಜನ ನೇರವಾಗಿ ಆರಿಸಿರಲಿಲ್ಲ, ಪ್ರಾಂತ್ಯಗಳ ಶಾಸಕರು ಆರಿಸಿದ್ದರು. ಉಜಿರೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯರು ಸದಸ್ಯರಲ್ಲ, ಸಭೆಯ ಸಲಹೆಗಾರರು.

1947ರ ಅಕ್ಟೋಬರಿನಲ್ಲಿ ಅವರ ಕರಡು ಸಿದ್ಧವಾಯಿತು: 243 ವಿಧಿಗಳು. ಆಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: 'ಡ್ಯೂ ಪ್ರೋಸೆಸ್' (ನ್ಯಾಯಯುತ ಕ್ರಮ) ಎಂದು ಬರೆದರೆ ಶಾಸನಸಭೆ ಮಾಡಿದ ಕಾನೂನನ್ನು ನ್ಯಾಯಾಧೀಶರು ತಳ್ಳಿಹಾಕಬಹುದು. ಕೊನೆಗೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯಲ್ಲಿ ಉಳಿದದ್ದು 'ಕಾನೂನು ಗೊತ್ತುಪಡಿಸಿದ ಕ್ರಮ' ಅಷ್ಟೇ. ನನ್ನ ಪ್ರಕಾರ ಇದರಿಂದ ನಾಗರಿಕನ ರಕ್ಷಣೆ ತೆಳುವಾಯಿತು. ಆ ಕ್ರಮ ನ್ಯಾಯಯುತವೂ ಆಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ.

ಇನ್ನು ಅಂಗೀಕಾರ. ಅಮೆರಿಕದಲ್ಲಿ 13 ರಾಜ್ಯಗಳ ಪೈಕಿ 9 ಒಪ್ಪಬೇಕಿತ್ತು. ನಮ್ಮಲ್ಲಿ ರಾಜ್ಯಗಳ ಒಪ್ಪಿಗೆಯ ಷರತ್ತೂ ಇರಲಿಲ್ಲ, ಜನಮತಗಣನೆಯೂ ಇರಲಿಲ್ಲ. ಸಾವಿರಾರು ತಿದ್ದುಪಡಿಗಳನ್ನು ಚರ್ಚಿಸಿದ ಸಭೆಯೇ 1949ರ ನವೆಂಬರ್ 26ರಂದು 395 ವಿಧಿಗಳಿಗೆ ಒಪ್ಪಿಗೆ ಕೊಟ್ಟಿತು. ಹಿಂದಿನ ದಿನದ ಭಾಷಣದಲ್ಲಿ ಅಂಬೇಡ್ಕರ್, ಈ ಕೆಲಸದ ಶ್ರೇಯಸ್ಸಿನಲ್ಲಿ ಒಂದು ಪಾಲು ರಾಯರದ್ದು ಎಂದು ಹೆಸರು ಹೇಳಿ ನೆನೆದರು.

ನಮ್ಮ ಹಾಗೆಯೇ ಆಗ ಸ್ವತಂತ್ರವಾಗುತ್ತಿದ್ದ ಬರ್ಮಾದ ಸಂವಿಧಾನ ರಚನೆಗೂ ರಾಯರು ನೆರವಾಗಿದ್ದರು.